ಕೋಟೆ ಕೆಡವಿದ ಏತ

ಬಾವಿಯಿಂದ ನೀರೆತ್ತುವ ಏತವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ನೆಟ್ಟ ಕಂಬದ ಕವೆಯಲ್ಲಿ ತೂಗಾಡುವ ಒಂದು ಉದ್ದನೆಯ ಮರ. ಅದರ ನೀಳವಾದ ತುದಿಗೆ ಬಾನಿ, ಗಿಡ್ಡನೆಯ ತುದಿಗೆ ಕಲ್ಲಿನ ಭಾರ. ಭಾರವು ಇಳಿದರೆ ಬಾನಿಯು ಮೇಲೇರುತ್ತದೆ. ತೆನೆಗೆರಗುವ ಹಕ್ಕಿಗಳನ್ನು ಓಡಿಸಲು ರೈತರು ಬೀಸುವ ಕವಣೆಯೂ ನಮಗೆ ಹೊಸದಲ್ಲ. ಏತದ ನೀಳ ತುದಿಗೆ ಬಾನಿಯ ಬದಲು ಕವಣೆಯನ್ನು ಕಟ್ಟಿ, ಇನ್ನೊಂದು ತುದಿಯ ಭಾರವನ್ನು ಹಲವು ಟನ್ನುಗಳಿಗೆ ಏರಿಸಿದರೆ ಏನಾಗುತ್ತದೆ? ಆಗ ದೊರೆಯುವುದೇ ಟ್ರೆಬುಶೆ ಎಂಬ ಕಲ್ಲೆಸೆಯುವ ಯಂತ್ರ. ಹನ್ನೆರಡನೆಯ ಶತಮಾನದಿಂದ ಹದಿನೈದನೆಯ ಶತಮಾನದವರೆಗೆ ಯೂರೋಪಿನಲ್ಲಿಯೂ ಏಷ್ಯದಲ್ಲಿಯೂ ಅನೇಕ ಕೋಟೆಗಳ ಅಳಿವು ಉಳಿವುಗಳು ಇದರ ಕೈಯಲ್ಲಿದ್ದವು.

ಇದಕ್ಕಿಂತ ಸಾವಿರ ವರ್ಷಗಳಿಗೂ ಮುಂಚೆಯೇ ಗ್ರೀಕರೂ ರೋಮನರೂ ಬಹು ನಾಜೂಕಾದ ಎಸೆಯಂತ್ರಗಳನ್ನು ನಿರ್ಮಿಸಿದ್ದರು. ಅವುಗಳೊಡನೆ ಹೋಲಿಸಿದರೆ ಟ್ರೆಬುಶೆಯು ಒಂದು ಒರಟು ತೊಲೆ. ಹಾಗಿದ್ದರೂ ಗೋಡೆ ಒಡೆಯುವ ಕಾರ್ಯದಲ್ಲಿ ನಾಜೂಕಾದುದು ಹಿಂದೆ ಸರಿದು, ಒರಟಾದುದು ಮುಂದೆ ಬಂದಿತು. ಇದಕ್ಕೆ ಕಾರಣವೇನೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ತಿರುಚಿದ ಹುರಿಯ ಬಲ

ಎಸೆಯಂತ್ರವು ಯಾವುದೇ ಆಗಲಿ, ಅದರ ಕೆಲಸ ಒಂದೇ: ಶಕ್ತಿಯನ್ನು ನಿಧಾನವಾಗಿ ಕೂಡಿಟ್ಟು, ಒಮ್ಮೆಲೇ ಬಿಟ್ಟುಕೊಡುವುದು. ಬಿಲ್ಲಿನಲ್ಲಿ ಆ ಶಕ್ತಿಯು ಬಾಗಿದ ಮರದಲ್ಲಿ ಅಡಗಿರುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಕರು ಮರದ ಬದಲು ಪ್ರಾಣಿಗಳ ಸ್ನಾಯು ಅಥವಾ ಕೂದಲಿನಿಂದ ಹೊಸೆದ ಹುರಿಗಳ ಕಂತೆಯನ್ನು ಉಪಯೋಗಿಸಿದರು. ಗಟ್ಟಿಯಾದ ಚೌಕಟ್ಟಿನಲ್ಲಿ ಇಂತಹ ಎರಡು ಕಂತೆಗಳನ್ನು ಬಿಗಿದು, ಒಂದೊಂದರ ನಡುವೆ ಒಂದೊಂದು ಮರದ ತೋಳನ್ನು ತೂರಿಸುತ್ತಿದ್ದರು. ತೋಳುಗಳ ತುದಿಗೆ ಹೆದೆ. ರಾಟೆಯಿಂದ ಹೆದೆಯನ್ನು ಹಿಂದಕ್ಕೆ ಎಳೆದಾಗ ಕಂತೆಗಳು ತಿರುಚಿಕೊಳ್ಳುತ್ತವೆ. ಬಿಟ್ಟೊಡನೆ ತೋಳುಗಳು ಮುಂದಕ್ಕೆ ಚಿಮ್ಮಿ ಸರಳನ್ನೋ ಕಲ್ಲನ್ನೋ ಎಸೆಯುತ್ತವೆ. ರೋಮನರ ಬ್ಯಾಲಿಸ್ಟವು ಈ ಜಾತಿಯದು.

ಕ್ರಿಸ್ತಪೂರ್ವ ಮೂರನೆಯ ಶತಮಾನದ ಬೈಜಾಂಟಿಯಮಿನ ಫಿಲೋ ಎಂಬಾತನು ಇಂತಹ ಯಂತ್ರದ ಅಳತೆಗೆ ಒಂದು ಸೂತ್ರವನ್ನು ಬರೆದಿಟ್ಟಿದ್ದಾನೆ. ಎಸೆಯಬೇಕಾದ ಕಲ್ಲಿನ ತೂಕವನ್ನು ಮಿನಾ ಎಂಬ ಮಾನದಲ್ಲಿ ತೆಗೆದುಕೊಂಡು 100ರಿಂದ ಗುಣಿಸಬೇಕು. ಬಂದುದರ ಘನಮೂಲವನ್ನು ತೆಗೆದು, ಅದಕ್ಕೆ ಅದರ ಹತ್ತನೆಯ ಒಂದು ಪಾಲನ್ನು ಸೇರಿಸಬೇಕು. ಅಷ್ಟು ಬೆರಳಗಲವೇ ಹುರಿಯ ಕಂತೆಯ ವ್ಯಾಸ. 80 ಮಿನಾ, ಎಂದರೆ ಸುಮಾರು 35 ಕಿಲೋಗ್ರಾಂ ತೂಕದ ಕಲ್ಲನ್ನು ತೆಗೆದುಕೊಳ್ಳೋಣ. 80ನ್ನು 100ರಿಂದ ಗುಣಿಸಿದರೆ 8,000. ಅದರ ಘನಮೂಲ 20. ಹತ್ತನೆಯ ಪಾಲಾದ 2ನ್ನು ಕೂಡಿಸಿದರೆ 22 ಬೆರಳಗಲ, ಸುಮಾರು 42 ಸೆಂಟಿಮೀಟರ್. ಇಲ್ಲಿ ಘನಮೂಲವೇಕೆ ಬಂದಿತು? ಹುರಿಯು ಹಿಡಿದಿಡುವ ಶಕ್ತಿಯು ಅದರ ಘನಗಾತ್ರವನ್ನು ಅವಲಂಬಿಸಿದೆ. ಘನಗಾತ್ರವು ವ್ಯಾಸದ ಘನದಂತೆ ಬೆಳೆಯುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಕುಶಲಕರ್ಮಿಗಳು ಪ್ರಯೋಗದಿಂದ ಈ ನಿಯಮವನ್ನು ಕಂಡುಕೊಂಡುದು ನಿಜವಾಗಿಯೂ ಮೆಚ್ಚತಕ್ಕದ್ದು.

ಸರಳೆಸೆಯುವುದರಲ್ಲಿ ಈ ಯಂತ್ರದ ಬಲ ಎಷ್ಟಿತ್ತೆಂಬುದಕ್ಕೆ ಪ್ರೊಕೋಪಿಯಸ್ ಎಂಬ ಚರಿತ್ರಕಾರನು ಸಾಕ್ಷಿ. ಕ್ರಿ.ಶ. 537–538ರಲ್ಲಿ ಗಾತ್ ಜನರು ರೋಮ್ ನಗರವನ್ನು ಮುತ್ತಿದಾಗ, ಕವಚ ತೊಟ್ಟು ಮರದ ಬಳಿ ನಿಂತಿದ್ದ ಒಬ್ಬ ಗಾತ್ ಯೋಧನನ್ನು ಗೋಡೆಯ ಮೇಲಿನ ಯಂತ್ರದಿಂದ ಬಂದ ಸರಳು ಮರಕ್ಕೇ ಜಡಿದುಬಿಟ್ಟಿತೆಂದು ಆತನು ಬರೆದಿದ್ದಾನೆ. ಈ ತತ್ತ್ವದ ಸರಳೆಸೆಗಳು ಸ್ಪ್ರಿಂಗಾಲ್ಡ್ ಎಂಬ ಹೆಸರಿನಿಂದ ಹದಿಮೂರು ಮತ್ತು ಹದಿನಾಲ್ಕನೆಯ ಶತಮಾನಗಳ ಕೋಟೆಬುರುಜುಗಳ ಮೇಲೆ ಇದ್ದುವು. ಆದರೆ ಮನುಷ್ಯನನ್ನು ಕೊಲ್ಲುವ ಸರಳು ಗೋಡೆಯನ್ನು ಕೆಡವಲಾರದು. ಕಲ್ಲನ್ನು ದೊಡ್ಡದು ಮಾಡಿದರೆ ಹುರಿಯೂ ಚೌಕಟ್ಟೂ ದೊಡ್ಡದಾಗಬೇಕು. ಅಷ್ಟು ಸ್ನಾಯುವನ್ನು ಕೂಡಿಸುವುದು ಕಷ್ಟ; ಕೂಡಿಸಿದರೂ ತೇವ ತಗಲಿದೊಡನೆ ಅದು ಸಡಿಲವಾಗುತ್ತದೆ. ನಿನ್ನೆಯ ಬಿಸಿಲಿನಲ್ಲಿ ಎಸೆದಷ್ಟು ದೂರಕ್ಕೆ ಇಂದಿನ ಮಳೆಯಲ್ಲಿ ಎಸೆಯುವ ಭರವಸೆಯಿಲ್ಲ.

ಎಳೆಯುವ ಕೈಗಳಿಂದ ಇಳಿಯುವ ಭಾರಕ್ಕೆ

ಏತದ ಮಾದರಿಯ ಎಸೆಯಂತ್ರವು ಮೊದಲು ಹುಟ್ಟಿದುದು ಚೀನದಲ್ಲಿ, ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಸುಮಾರಿಗೆ. ಆಗ ಗಿಡ್ಡ ತುದಿಯಲ್ಲಿ ಭಾರವಿರಲಿಲ್ಲ, ಅನೇಕ ಹಗ್ಗಗಳಿದ್ದುವು. ಹತ್ತಾರು ಜನರು ಒಮ್ಮೆಗೇ ಹಗ್ಗವನ್ನು ಜಗ್ಗಿದರೆ ನೀಳ ತುದಿಯು ಮೇಲಕ್ಕೆ ಹಾರಿ ಕಲ್ಲನ್ನು ಎಸೆಯುತ್ತಿತ್ತು. ಆರನೆಯ ಶತಮಾನದ ಕೊನೆಯ ಹೊತ್ತಿಗೆ ಈ ವಿದ್ಯೆಯು ಮೆಡಿಟರೇನಿಯನ್ ಸಮುದ್ರದ ತೀರವನ್ನು ಮುಟ್ಟಿತು. ಅರಬ್ಬರು ಇದನ್ನು ಮಂಜನೀಕ್ ಎಂದು ಕರೆದರು. ಕ್ರಿ.ಶ. 712ರ ಸುಮಾರಿಗೆ ಮಹಮ್ಮದ್ ಬಿನ್ ಕಾಸಿಂ ಸಿಂಧ್ ದೇಶದ ದೇಬಲ್ ಪಟ್ಟಣವನ್ನು ಮುತ್ತಿದಾಗ ತಂದಿದ್ದ ಅಂತಹ ಒಂದು ಯಂತ್ರಕ್ಕೆ ‘ವಧು’ ಎಂಬ ಅರ್ಥದ ಹೆಸರಿತ್ತೆಂದೂ, ಅದನ್ನು ನಡೆಸಲು 500 ಜನರು ಬೇಕಾಗಿದ್ದರೆಂದೂ ಬಲಾಧುರಿ ಎಂಬ ಅರಬ್ಬಿ ಚರಿತ್ರಕಾರನು ಹೇಳುತ್ತಾನೆ.

ಐನೂರು ಜನರು ಪ್ರತಿಸಲವೂ ಒಂದೇ ಕ್ಷಣದಲ್ಲಿ, ಒಂದೇ ಬಲದಿಂದ ಜಗ್ಗುವುದು ಸಾಧ್ಯವೆ? ಕೈಗಳು ದಣಿಯುತ್ತವೆ, ಒಬ್ಬನು ಮುಂಚೆ, ಒಬ್ಬನು ತಡವಾಗಿ ಎಳೆಯುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಈ ಕೈಗಳ ಸ್ಥಾನಕ್ಕೆ ಭಾರವು ಬಂದಿತು. ಆ ಶತಮಾನದ ಕೊನೆಯ ಭಾಗದಲ್ಲಿ ಅಲ್-ತರ್ಸೂಸಿ ಎಂಬ ವಿದ್ವಾಂಸನು ಸುಲ್ತಾನ್ ಸಲಾದಿನನಿಗಾಗಿ ಬರೆದ ಆಯುಧಗಳ ಗ್ರಂಥದಲ್ಲಿ ಭಾರದಿಂದ ನಡೆಯುವ ಯಂತ್ರದ ವರ್ಣನೆಯಿದೆ. ಮಣ್ಣು, ಕಲ್ಲು ಅಥವಾ ಸೀಸವನ್ನು ತುಂಬಿದ ಪೆಟ್ಟಿಗೆಯೊಂದು ಗಿಡ್ಡ ತುದಿಯಲ್ಲಿ ತೂಗಿತು. ಭೂಮಿಯ ಆಕರ್ಷಣೆಗೆ ದಣಿವಿಲ್ಲ, ಮಳೆಬಿಸಿಲುಗಳ ಭೇದವಿಲ್ಲ.

ಯಂತ್ರದ ಲೆಕ್ಕ

ಟ್ರೆಬುಶೆಯು ಒಂದು ಸನ್ನೆ. ಇದರಲ್ಲಿ ಆನಿಕೆಯಿಂದ ಭಾರದವರೆಗಿನ ಭುಜವು ಚಿಕ್ಕದು, ಕವಣೆಯ ಕಡೆಯ ಭುಜವು ನಾಲ್ಕೈದು ಪಾಲು ದೊಡ್ಡದು. ಆದುದರಿಂದ ಭಾರವು ಇಳಿಯುವ ವೇಗದ ನಾಲ್ಕೈದು ಪಾಲು ವೇಗದಿಂದ ನೀಳ ತುದಿಯು ಏರುತ್ತದೆ. ತುದಿಯಲ್ಲಿರುವ ಕವಣೆಯು ಚಾಟಿಯಂತೆ ಬೀಸಿ, ಈ ವೇಗವನ್ನು ಇನ್ನೂ ಹೆಚ್ಚಿಸುತ್ತದೆ.

2,000 ಕಿಲೋಗ್ರಾಂ ಭಾರವು 2 ಮೀಟರ್ ಕೆಳಕ್ಕೆ ಇಳಿಯಿತೆಂದು ಭಾವಿಸೋಣ. ಗುರುತ್ವ ವೇಗೋತ್ಕರ್ಷವನ್ನು ಸುಲಭಕ್ಕಾಗಿ 10 ಎಂದು ಹಿಡಿದರೆ, ಬಿಡುಗಡೆಯಾದ ಶಕ್ತಿಯು 2,000 × 10 × 2, ಎಂದರೆ 40,000 ಜೂಲ್. ಈ ಯಂತ್ರವು 15 ಕಿಲೋಗ್ರಾಂ ಕಲ್ಲನ್ನು 180 ಮೀಟರ್ ದೂರಕ್ಕೆ ಎಸೆಯಿತೆನ್ನೋಣ. 45 ಡಿಗ್ರಿ ಕೋನದಲ್ಲಿ ಹೊರಟ ಕಲ್ಲಿನ ವೇಗದ ವರ್ಗವು, ಗಾಳಿಯ ತಡೆಯನ್ನು ಬಿಟ್ಟರೆ, 10 × 180, ಎಂದರೆ 1,800. ವೇಗವು ಸೆಕೆಂಡಿಗೆ ಸುಮಾರು 42 ಮೀಟರ್. ಕಲ್ಲಿನ ಚಲನಶಕ್ತಿಯು 15ರ ಅರ್ಧವನ್ನು 1,800ರಿಂದ ಗುಣಿಸಿದಷ್ಟು, ಎಂದರೆ 13,500 ಜೂಲ್. ಹೀಗೆ ಶಕ್ತಿಯ ಮೂರನೆಯ ಒಂದು ಪಾಲು ಕಲ್ಲಿಗೆ ಸೇರಿತು. ಉಳಿದುದು ತೊಲೆಯ ಚಲನೆಗೂ, ಭಾರದ ತೂಗಾಟಕ್ಕೂ, ಘರ್ಷಣೆಗೂ ವ್ಯಯವಾಯಿತು.

ಈ ಲೆಕ್ಕದಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಅದೇ ಭಾರ, ಅದೇ ಎತ್ತರ, ಅದೇ ತೂಕದ ಕಲ್ಲು, ಅದೇ ಉದ್ದದ ಕವಣೆ. ಇವಿಷ್ಟನ್ನೂ ಕಾಪಾಡಿಕೊಂಡರೆ ಕಲ್ಲು ಹಿಂದಿನ ಜಾಗದ ಸಮೀಪದಲ್ಲಿಯೇ ಬೀಳುತ್ತದೆ. ಡೆನ್ಮಾರ್ಕಿನ ನೈಕೋಬಿಂಗ್ ಪಟ್ಟಣದಲ್ಲಿ 1989ರಲ್ಲಿ ಹಳೆಯ ಮಾದರಿಯ ಟ್ರೆಬುಶೆಯೊಂದನ್ನು ಮರಳಿ ಕಟ್ಟಿ ಪರೀಕ್ಷಿಸಿದಾಗ, ಸುಮಾರು 180 ಮೀಟರ್ ದೂರದಲ್ಲಿ ಗುಂಡುಗಳು 6 ಮೀಟರ್ ಚೌಕದೊಳಗೆ ಬಿದ್ದುವು. ಕೋಟೆಯ ಗೋಡೆಯು ಒಂದು ಪೆಟ್ಟಿಗೆ ಬೀಳುವುದಿಲ್ಲ. ಒಂದೇ ಕಡೆಯಲ್ಲಿ ಬಿದ್ದ ನೂರು ಪೆಟ್ಟುಗಳಿಗೆ ಬೀಳುತ್ತದೆ. ಕಲ್ಕುಟಿಗರು ಗುಂಡುಗಳನ್ನು ಒಂದೇ ತೂಕಕ್ಕೆ ಕಡೆದು ದುಂಡಗೆ ಮಾಡುತ್ತಿದ್ದುದು ಇದಕ್ಕಾಗಿಯೇ.

ಕವಣೆಯ ಒಂದು ತುದಿಯು ತೊಲೆಗೆ ಬಿಗಿದಿರುತ್ತದೆ. ಇನ್ನೊಂದು ತುದಿಯ ಉಂಗುರವು ತೊಲೆಯ ಕೊನೆಯ ಕೊಕ್ಕೆಯಿಂದ ತಕ್ಕ ಸಮಯದಲ್ಲಿ ಜಾರಬೇಕು. ಬೇಗ ಜಾರಿದರೆ ಕಲ್ಲು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ತಡವಾದರೆ ಎದುರಿನ ನೆಲಕ್ಕೆ ಬಡಿಯುತ್ತದೆ. 1521ರಲ್ಲಿ ಮೆಕ್ಸಿಕೋದ ತೆನೊಚ್ತಿತ್ಲಾನ್ ನಗರವನ್ನು ಮುತ್ತಿದ ಸ್ಪೇನಿನವರು, ಮದ್ದು ಕಡಮೆಯಾದಾಗ ಈ ಹಳೆಯ ಯಂತ್ರವನ್ನು ಕಟ್ಟಿಸಿದರು. ಕಲ್ಲು ಮೇಲಕ್ಕೆ ಹಾರಿ, ಹೊರಟಲ್ಲಿಯೇ ಬಂದು ಬಿದ್ದಿತು! ಮರ, ಹಗ್ಗ, ಭಾರ ಎಲ್ಲವೂ ಇದ್ದುವು. ಅಳತೆಯ ಅರಿವು ಮಾತ್ರ ಇರಲಿಲ್ಲ.

ಎರಡು ಮುತ್ತಿಗೆಗಳು

ಅಳತೆಯನ್ನು ಅರಿತವರ ಬೆಲೆಯನ್ನು ಚೀನದ ಶಿಯಾಂಗ್‌ಯಾಂಗ್ ಮುತ್ತಿಗೆಯು ತೋರಿಸುತ್ತದೆ. ಹಾನ್ ನದಿಯ ದಡದ ಈ ನಗರವೂ ಎದುರುದಡದ ಫಾನ್‌ಚೆಂಗ್ ನಗರವೂ ಕುಬ್ಲಾಯ್ ಖಾನನ ಸೈನ್ಯವನ್ನು 1268ರಿಂದ ಐದು ವರ್ಷಗಳ ಕಾಲ ತಡೆದು ನಿಲ್ಲಿಸಿದ್ದುವು. ಆಗ ಪರ್ಷಿಯದ ಮಂಗೋಲ್ ಅರಸನು ಇಸ್ಮಾಯಿಲ್, ಅಲಾಉದ್ದೀನ್ ಎಂಬ ಇಬ್ಬರು ಯಂತ್ರಕಾರರನ್ನು ಕಳುಹಿಸಿಕೊಟ್ಟನು. ಚೀನೀಯರು ಹಗ್ಗ ಜಗ್ಗುವ ಯಂತ್ರದ ತವರಿನವರಾದರೂ ಭಾರದ ಯಂತ್ರವು ಅವರಿಗೆ ಹೊಸದು. 150 ಜಿನ್, ಎಂದರೆ ಸುಮಾರು 90 ಕಿಲೋಗ್ರಾಂ ತೂಕದ ಕಲ್ಲುಗಳು ಬಂದು ಬೀಳತೊಡಗಿದುವು. ಅವು ನೆಲದಲ್ಲಿ ಏಳು ಅಡಿಯಷ್ಟು ಹೂತುಹೋಗುತ್ತಿದ್ದುವೆಂದು ಚೀನೀ ಚರಿತ್ರೆಯು ಹೇಳುತ್ತದೆ. 1273ರಲ್ಲಿ ಮೊದಲು ಫಾನ್‌ಚೆಂಗ್ ಬಿದ್ದಿತು. ಅನಂತರ ಶಿಯಾಂಗ್‌ಯಾಂಗಿನ ದಳಪತಿಯು ಶರಣಾದನು. ದಕ್ಷಿಣ ಚೀನದ ಬಾಗಿಲು ತೆರೆಯಿತು.

ಎರಡನೆಯದು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆ. 1304ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನು ಅದನ್ನು ಮುತ್ತಿ, ‘ರಣತೋಳ’ ಎಂಬರ್ಥದ ಹೆಸರಿನ ಮಹಾಯಂತ್ರವೊಂದನ್ನು ಕಟ್ಟಿಸಿದನು. ಐವರು ಮುಖ್ಯ ಬಡಗಿಗಳೂ ಸುಮಾರು 50 ಮಂದಿ ಕೆಲಸಗಾರರೂ ಅದಕ್ಕಾಗಿ ದುಡಿದರು. ಯಂತ್ರಗಳ ಭಾರಕ್ಕೆ ಬೇಕಾದ ಸೀಸವನ್ನು ಸುತ್ತಣ ಚರ್ಚುಗಳ ಮಾಡಿನಿಂದ ಕಿತ್ತು ತರಲಾಯಿತು. ಅಷ್ಟರಲ್ಲಿ ಕೋಟೆಯೊಳಗಿದ್ದ ಸುಮಾರು 30 ಮಂದಿ ಶರಣಾಗಲು ಮುಂದೆ ಬಂದರು. ಆದರೆ ಹೊಸ ಯಂತ್ರವನ್ನು ಪರೀಕ್ಷಿಸುವ ಮೊದಲು ದೊರೆಯು ಶರಣಾಗತಿಯನ್ನು ಒಪ್ಪಲಿಲ್ಲ. ರಾಣಿಯೂ ಅವಳ ಸಖಿಯರೂ ನೋಡಲೆಂದು ಊರೊಳಗಿನ ಮನೆಯೊಂದಕ್ಕೆ ಕಿಟಕಿಯನ್ನು ಮಾಡಿಸಲಾಯಿತು. ಸೋತವರ ಮೇಲೆ ಕಲ್ಲುಗಳು ಬಿದ್ದ ಮೇಲೆಯೇ ಶಾಂತಿಯು ದೊರೆಯಿತು.

ಕೊನೆಯ ಮಾತು

ಹದಿನೈದನೆಯ ಶತಮಾನದಲ್ಲಿ ಫಿರಂಗಿಯು ಬಲಿತಂತೆ ಟ್ರೆಬುಶೆಯು ಮರೆಗೆ ಸರಿಯಿತು. ಅದು ಕಲಿಸುವ ಪಾಠವು ಮಾತ್ರ ಹಳತಾಗಿಲ್ಲ. ಬಲವು ಎಷ್ಟು ದೊಡ್ಡದೆಂಬುದಕ್ಕಿಂತ, ಪ್ರತಿಸಲವೂ ಅದನ್ನು ಅಷ್ಟೇ ಅಳತೆಯಲ್ಲಿ ಪಡೆಯಬಹುದೇ ಎಂಬುದೇ ಯಂತ್ರದ ಯೋಗ್ಯತೆಯನ್ನು ನಿರ್ಣಯಿಸುತ್ತದೆ. ಆದರೆ ಆ ಬಲವನ್ನು ಯಾರ ಮೇಲೆ, ಯಾವಾಗ ಬಿಡಬೇಕೆಂಬುದನ್ನು ಯಂತ್ರಶಾಸ್ತ್ರವು ಹೇಳಲಾರದು. ಒಂದೇ ಸನ್ನೆಯು ಬಾವಿಯ ಬಳಿ ಹೊಲಕ್ಕೆ ನೀರೆರೆಯಿತು, ಕೋಟೆಯ ಮುಂದೆ ಶರಣು ಬಂದವರ ಮೇಲೆ ಕಲ್ಲು ಸುರಿಯಿತು. ಇವೆರಡರ ನಡುವಣ ಆಯ್ಕೆಯು ಅಂದೂ ಮನುಷ್ಯನದಾಗಿತ್ತು, ಇಂದೂ ಅವನದೇ ಆಗಿದೆ.