ಬೆಳೆಯುವ ಮಕ್ಕಳನ್ನು ಎಲ್ಲಿ ಹುಡುಕುತ್ತೇವೆ?

ಕುಟುಂಬ ಪಾಠ
ಓದಿರಿ: ಸಂತ ಲೂಕನ ಶುಭಸಂದೇಶ 2:41-52



ಸೋಮವಾರ ಮತ್ತು ಶನಿವಾರ ನಾವು ಜಪಸರದಲ್ಲಿ ಸಂತೋಷದ ರಹಸ್ಯಗಳನ್ನು ಧ್ಯಾನಿಸುತ್ತೇವೆ. ಅವುಗಳಲ್ಲಿ ಐದನೆಯದು, ಕಾಣೆಯಾಗಿದ್ದ ಬಾಲಯೇಸು ದೇವಾಲಯದಲ್ಲಿ ಸಿಕ್ಕಿದ್ದು. ಇದೇ ಘಟನೆ ವ್ಯಾಕುಲಮಾತೆಯ ಏಳು ವ್ಯಾಕುಲಗಳಲ್ಲಿಯೂ ಇದೆ. ಅಲ್ಲಿ ಅದು ಮೂರನೆಯದು. ಒಂದೇ ಘಟನೆಯನ್ನು ಸಂತೋಷದಲ್ಲೂ ಎಣಿಸುತ್ತೇವೆ, ದುಃಖದಲ್ಲೂ ಎಣಿಸುತ್ತೇವೆ. ಮಕ್ಕಳು ಬೆಳೆಯುವಾಗ ನಮ್ಮ ಮನೆಗಳಲ್ಲಿ ಆಗುವುದೂ ಹೀಗೆಯೇ.

1. ಮೊದಲು ಹುಡುಕಿದ್ದು ಎಲ್ಲಿ?

ಪಾಸ್ಖ ಹಬ್ಬ ಮುಗಿಸಿ ಒಂದು ದಿನದ ದಾರಿ ನಡೆದ ಮೇಲೆ ಮರಿಯಮ್ಮನವರೂ ಸಂತ ಜೋಸೆಫರೂ ಮಗನನ್ನು ಹುಡುಕಿದರು. ಮೊದಲು ಹುಡುಕಿದ್ದು ನೆಂಟರಲ್ಲಿ, ಪರಿಚಯದವರಲ್ಲಿ. ಎಂದಿನಂತೆ ಅಲ್ಲೇ ಇರಬೇಕೆಂದು ನಂಬಿದ್ದರು. ಸಿಗಲಿಲ್ಲ. ಮೂರು ದಿನಗಳ ನಂತರ ಹನ್ನೆರಡು ವರ್ಷದ ಯೇಸು ಸಿಕ್ಕಿದ್ದು ಅವರು ಎಣಿಸದ ಜಾಗದಲ್ಲಿ, ಬೋಧಕರ ನಡುವೆ, ಕೇಳುತ್ತಾ ಪ್ರಶ್ನಿಸುತ್ತಾ.

ನಾವೂ ಮಕ್ಕಳನ್ನು ಹೋದ ವರ್ಷದ ಜಾಗದಲ್ಲೇ ಹುಡುಕುತ್ತೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಹೊಸೂರಿಗೆ ಕೆಲಸಕ್ಕೆ ಹೋದರೆ ಇಂಗ್ಲಿಷ್: ನಮ್ಮ ಗಡಿನಾಡಿನ ಮಕ್ಕಳ ಬದುಕು ಇದು. ಅಮ್ಮನ ಪಕ್ಕದಲ್ಲಿ ಕೂತು ಕನ್ನಡ ಪೂಜೆಯಲ್ಲಿ ಭಾಗವಹಿಸುತ್ತಿದ್ದ ಮಗಳು, ಒಂದು ಭಾನುವಾರ ಗೆಳತಿಯರೊಂದಿಗೆ ತಮಿಳು ಪೂಜೆಗೆ ಹೋಗಿ ಅಲ್ಲಿನ ಗಾಯನವೃಂದದಲ್ಲಿ ನಿಲ್ಲುತ್ತಾಳೆ. ಅಮ್ಮನ ಎದೆ ಧಸಕ್ಕೆನ್ನುತ್ತದೆ. ಅದು ಸುಳ್ಳು ನೋವಲ್ಲ. ಅಜ್ಜಿ ಕಲಿಸಿದ ಜಪಗಳು ಈ ತಲೆಮಾರಿಗೇ ನಿಂತುಹೋಗುತ್ತವೆಯೇ ಎಂಬ ಭಯ ಅದರಲ್ಲಿದೆ. ಆದರೂ "ಮಗಳು ಕೈತಪ್ಪಿದಳು" ಎನ್ನುವ ಮುಂಚೆ ಕೇಳಿಕೊಳ್ಳೋಣ: ಅವಳು ಪ್ರಾರ್ಥನೆಯನ್ನೇ ಬಿಟ್ಟಳೇ, ಇನ್ನೊಂದು ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದಾಳೆಯೇ? ಒಮ್ಮೆ ಹೋಗಿ ಅವಳ ಹಾಡು ಕೇಳಿ ಬನ್ನಿ. ಆಮೇಲೆ ಸಂಜೆಯ ಕನ್ನಡ ಜಪಸರಕ್ಕೆ ಕರೆಯಿರಿ. ಆಗ ನಿಮ್ಮ ಕರೆ ಅವಳಿಗೆ ಬೈಗುಳದಂತೆ ಕೇಳಿಸುವುದಿಲ್ಲ.

2. ಅರ್ಥವಾಗದಿದ್ದರೂ ಮನಸ್ಸಿನಲ್ಲಿಟ್ಟುಕೊಂಡರು

ಮರಿಯಮ್ಮನವರು ತಮ್ಮ ಕಳವಳವನ್ನು ಮುಚ್ಚಿಡಲಿಲ್ಲ. ಹೀಗೇಕೆ ಮಾಡಿದೆ ಎಂದು ಮಗನನ್ನೇ ಕೇಳಿದರು. ತಾವು ಪಿತನ ಆಲಯದಲ್ಲಿ ಇರಲೇಬೇಕು ಎಂಬ ಉತ್ತರ ಬಂತು. ಅದು ಅವರಿಬ್ಬರಿಗೂ ಅರ್ಥವಾಗಲಿಲ್ಲವೆಂದು ಸಂತ ಲೂಕನು ಸ್ಪಷ್ಟವಾಗಿ ಬರೆದಿದ್ದಾನೆ. ಅಂಥ ಪವಿತ್ರ ತಂದೆತಾಯಿಗೇ ಅರ್ಥವಾಗದ ಗಳಿಗೆ ಇತ್ತು! ನಮಗೆ ಮಕ್ಕಳ ಮಾತು ತಿಳಿಯದೆ ಹೋದರೆ ಸೋತೆವೆಂದು ಕುಗ್ಗಬೇಕಿಲ್ಲ. ಮಾತೆ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡರು. ನಾವೋ, ಅದನ್ನು ನೆಂಟರ ಮುಂದೆ, ಅಕ್ಕಪಕ್ಕದವರ ಮುಂದೆ ಹೇಳಿ ಮಕ್ಕಳ ತಲೆ ತಗ್ಗಿಸುತ್ತೇವೆ.

ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬಗಳಿಗಾಗಿ ಬರೆದ 'ಅಮೋರಿಸ್ ಲೆತೀತ್ಸಿಯಾ' ಪ್ರಬೋಧನೆಯಲ್ಲಿ, ಮಕ್ಕಳು ಕುಟುಂಬದ ಸ್ವತ್ತಲ್ಲ ಎಂದು ತಿಳಿಸಲು ಇದೇ ಘಟನೆಯನ್ನು ನೆನೆಯುತ್ತಾರೆ (ಸಂಖ್ಯೆ 18). ಮಗ ಈಗ ಯಾವ ಜಾಗದಲ್ಲಿದ್ದಾನೆ ಎಂಬುದಕ್ಕಿಂತ, ಅವನ ನಂಬಿಕೆ, ಗುರಿ, ಆಸೆಗಳು ಎಲ್ಲಿವೆ ಎಂದು ತಿಳಿಯುವುದು ಮುಖ್ಯವೆಂದೂ ಹೇಳುತ್ತಾರೆ (ಸಂಖ್ಯೆ 261). ಹತ್ತು ಸಲ ಫೋನ್ ಮಾಡಿ "ಎಲ್ಲಿದ್ದೀಯ?" ಎಂದು ಕೇಳುವ ನಾವು, "ಮನಸ್ಸಿನಲ್ಲಿ ಏನಿದೆ ಮಗ?" ಎಂದು ಒಂದು ಸಲವಾದರೂ ಕೇಳಿದ್ದೇವೆಯೇ?

3. ಎಲ್ಲ ಬದಲಾವಣೆಯನ್ನೂ ಒಪ್ಪಬೇಕೇ?

ಬೇಡ. ಕುಡಿತ, ಹಣ ಕಟ್ಟಿ ಆಡುವ ಫೋನ್ ಆಟ, ಕೆಟ್ಟ ಸಹವಾಸ ಕಂಡರೆ ತಡೆಯುವುದು ನಮ್ಮ ಕರ್ತವ್ಯ. ಪ್ರಭು ಯೇಸು ಸಹ ನಜರೇತಿಗೆ ಹಿಂತಿರುಗಿ ತಂದೆತಾಯಿಗೆ ವಿಧೇಯರಾಗಿದ್ದರು. ಆದರೆ ಕೂದಲು, ಉಡುಪು, ಭಾಷೆ, ಓದಿನ ಆಯ್ಕೆಗಳನ್ನು ಪಾಪದ ಪಟ್ಟಿಗೆ ಸೇರಿಸಬಾರದು. ಎಲ್ಲಕ್ಕೂ ಗದರಿದರೆ, ನಿಜವಾಗಿ ತಡೆಯಬೇಕಾದಾಗ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಮನೆಯಲ್ಲಿ ಮಾತಾಡಲು
• ಈ ವರ್ಷ ನಮ್ಮ ಮಗ ಅಥವಾ ಮಗಳಲ್ಲಿ ಕಂಡ ಹೊಸ ಬದಲಾವಣೆ ಯಾವುದು?
• ಅದು ನಿಜವಾಗಿ ತಪ್ಪೇ, ನಮಗೆ ಹೊಸದು ಅಷ್ಟೆಯೇ?
• ಮಕ್ಕಳೇ, ನಿಮ್ಮನ್ನು ಹುಡುಕುವವರ ಕಳವಳವನ್ನು ಗಮನಿಸಿದ್ದೀರಾ?

ಪ್ರಾರ್ಥನೆ
ಪ್ರಭುವೇ, ನಮ್ಮ ಮಕ್ಕಳು ಇರುವಲ್ಲಿಗೆ ಹೋಗಿ ಅವರನ್ನು ಕಾಣುವ ತಾಳ್ಮೆಯನ್ನು ನಮಗೆ ಕೊಡಿ. ಅರ್ಥವಾಗದ್ದನ್ನು ಮಾತೆ ಮರಿಯಮ್ಮನವರಂತೆ ಮನಸ್ಸಿನಲ್ಲಿಟ್ಟು ಧ್ಯಾನಿಸಲು ಕಲಿಸಿರಿ. ಆಮೆನ್.