ನುಚ್ಚಿನ ಗಂಗಾಳ

ತಮ್ಮಾ, ಮೊನ್ನೆ ರಾತ್ರಿ ನಿಮ್ಮವ್ವ ಫೋನ್ ಮಾಡಿದ್ದಳು. "ಅಕ್ಕಾ, ಅಂವಾ ಊಟಾನ ಬಿಟ್ಟಾನ. ಎರಡು ಬಿಸ್ಕೀಟು, ಒಂದು ಎಳನೀರು, ಅಷ್ಟರಾಗ ದಿನಾ ತಗೀತಾನ. ಗಂಗಾಳ ನೋಡಿದ್ರ ಹೆದರ್ತಾನ" ಅಂತ ಅತ್ತಳು. ಅವಳಿಗೆ ಧೈರ್ಯ ಹೇಳಿ ಫೋನ್ ಇಟ್ಟೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ. ಗಂಗಾಳ ನೋಡಿ ಹೆದರುವುದು ಹೇಗಿರುತ್ತದೆ ಎಂದು ನಮ್ಮ ಮನೆತನದಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಕ್ಕೇ ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಬಿಚ್ಚದ ಗಂಟನ್ನು ನಿನ್ನ ಮುಂದೆ ಬಿಚ್ಚುತ್ತಿದ್ದೇನೆ.

1991ರಲ್ಲಿ ನನಗೆ 28 ವರ್ಷ. ಇಲ್ಲೇ ಲಕ್ಕುಂಡಿಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಹೊಟ್ಟೆಯ ಬಲಗಡೆ ಕೆಳಗೆ ಹಿಂಡಿದಂಥ ನೋವು, ಸಂಜೆಯಾದರೆ ಸಣ್ಣ ಜ್ವರ, ದಿನಕ್ಕೆ ಎಂಟು-ಹತ್ತು ಸಲ ಹೊರಕಡೆ ಓಟ. ಮೊದಲು ಕರುಳಿನ ಕ್ಷಯ ಎಂದರು. ಒಂಬತ್ತು ತಿಂಗಳು ಕ್ಷಯದ ಗುಳಿಗೆ ನುಂಗಿದೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಕರುಳಿನ ಕ್ಷಯ ಮತ್ತು ನನಗೆ ನಿಜವಾಗಿ ಇದ್ದ ರೋಗ ಅವಳಿ ಮಕ್ಕಳ ಹಾಗೆ, ಕೊಳವೆ ಹಾಕಿ ನೋಡಿದವರಿಗೂ ಗುರುತು ಹತ್ತುವುದು ಕಷ್ಟ. ನಮ್ಮ ದೇಶದಲ್ಲಿ ಕ್ಷಯ ಹೆಚ್ಚು. ಹಾಗಾಗಿ ಸಂಶಯವಿದ್ದಾಗ ಮೊದಲು ಎರಡು-ಮೂರು ತಿಂಗಳು ಕ್ಷಯದ ಔಷಧ ಕೊಟ್ಟು ನೋಡುವ ವೈದ್ಯರು ಇಂದಿಗೂ ಇದ್ದಾರೆ. ಕಡೆಗೆ ಒಂದು ದಿನ ಕರುಳು ಕಟ್ಟಿಕೊಂಡಿತು. ಸಣ್ಣ ಕರುಳಿನ ತುದಿಯ ಒಂದು ತುಂಡು ಕತ್ತರಿಸಿ ತೆಗೆದರು. ಅದನ್ನು ಪರೀಕ್ಷೆಗೆ ಕಳಿಸಿದಾಗ ಬಂದ ಹೆಸರು, ಈಗ ನಿನ್ನ ಕಾಗದದಲ್ಲಿರುವ ಹೆಸರೇ: ಕ್ರೋನ್ಸ್.

ಆ ಹೆಸರು ಒಬ್ಬ ಡಾಕ್ಟರರದು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಜೊತೆಗಾರರು 14 ರೋಗಿಗಳ ಸಣ್ಣ ಕರುಳಿನ ತುದಿಯಲ್ಲಿ ಕಂಡದ್ದನ್ನು ಬರೆದಿಟ್ಟರು. ತುದಿಯಲ್ಲಷ್ಟೇ ಅಲ್ಲ, ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು ಎಂದು ಆಮೇಲೆ ಗೊತ್ತಾಯಿತು. ಅದು ಸಾಲಾಗಿ ಬರುವುದಿಲ್ಲ. ನಮ್ಮ ಕಾಶಿ ವಿಶ್ವನಾಥ ಗುಡಿಯ ಹೊರಗೋಡೆ ನೆನಪು ಮಾಡಿಕೋ: ಒಂದು ಕೆತ್ತನೆ ಸವೆದು ಮುಖವೇ ಇಲ್ಲ, ಪಕ್ಕದ್ದು ನಿನ್ನೆ ಕೆತ್ತಿದ ಹಾಗಿದೆ. ನಮ್ಮ ಕರುಳೂ ಹಾಗೇ. ಒಂದು ಗೇಣು ಹುಣ್ಣು, ಮುಂದಿನ ಗೇಣು ಚೊಕ್ಕ. ಹುಣ್ಣು ಬರೀ ಮೇಲಿನ ಪೊರೆಗೆ ನಿಲ್ಲದೆ ಗೋಡೆಯ ಒಳಗೆಲ್ಲ ಇಳಿಯುತ್ತದೆ. ಮಾಯುವಾಗ ಗಟ್ಟಿಯಾಗಿ ಕುಗ್ಗಿ ದಾರಿಯನ್ನು ಸಣ್ಣ ಮಾಡುತ್ತದೆ. ಈ ಕೊನೆಯ ಮಾತು ನೆನಪಿಡು, ಊಟದ ಅರ್ಧ ಲೆಕ್ಕ ಅದರ ಮೇಲೆಯೇ ಇದೆ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಬಂದವರೆಲ್ಲ ಒಂದೊಂದು ಪಟ್ಟಿ ತಂದರು. ಒಬ್ಬರು ಜೋಳ ಬಿಡು ಎಂದರು, ಒಬ್ಬರು ಹಾಲು, ಒಬ್ಬರು ಬೇಳೆ, ಇನ್ನೊಬ್ಬರು ಉಪ್ಪು-ಖಾರ ಎರಡೂ. ನಾನು ಎಲ್ಲರ ಮಾತೂ ಕೇಳಿದೆ. ನಾಲ್ಕು ತಿಂಗಳಲ್ಲಿ ನನಗೆ ಉಳಿದದ್ದು ಅನ್ನದ ಗಂಜಿ ಮತ್ತು ಸಕ್ಕರೆ ನೀರು. ತೂಕ 36 ಕಿಲೋಗೆ ಇಳಿಯಿತು. ಹಲಗೆಯ ಮೇಲೆ ಬರೆಯುತ್ತಿದ್ದಾಗ ಕೈ ನಡುಗಿ ಸೀಮೆಸುಣ್ಣ ಬಿತ್ತು, ಅದನ್ನು ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ಆಗ ನೋಡಿದ ಡಾಕ್ಟರು ಹಾಸಿಗೆಯ ಅಂಚಿಗೆ ಕೂತು ಕೇಳಿದ್ದು ಒಂದೇ: "ಬಾಯೀ, ಕರುಳಿನ ಹುಣ್ಣು ಮಾಯಾಕ ಏನು ಕೊಟ್ಟೀರಿ ನೀವು ಅದಕ್ಕ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಡೆ ಕಟ್ಟಲು ಕಲ್ಲು ಬೇಕು, ಗಾರೆ ಬೇಕು. ನಾನು ಎರಡನ್ನೂ ಬಾಗಿಲ ಹೊರಗೆ ನಿಲ್ಲಿಸಿದ್ದೆ.

ನಾನು ಕಲಿತದ್ದನ್ನು ಹೇಳುತ್ತೇನೆ. ನಮ್ಮ ಊಟವನ್ನು ಬಿಡಬೇಡ, ಅದರ ರೂಪ ಬದಲಿಸು. ಜೋಳ ಅದೇ, ಹೆಸರು ಅದೇ, ಹೀರೇಕಾಯಿ ಅದೇ. ಕರುಳು ಕೆರಳಿದ ದಿನ ಒಂದು ರೂಪ, ತಣ್ಣಗಿದ್ದ ದಿನ ಇನ್ನೊಂದು.

ಜೋಳದಿಂದಲೇ ತೊಡಗುತ್ತೇನೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇರುತ್ತದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ಹುಣ್ಣು ಹಸಿಯಾಗಿದ್ದಾಗ ಕಟಕ ರೊಟ್ಟಿ ತಿಂದರೆ ನೋವು ಏಳುವುದು ಇದಕ್ಕೇ. ಆ ದಿನಗಳಲ್ಲಿ ಮೆತ್ತಗಿನ ಅನ್ನ, ಹೆಸರುಬೇಳೆ ಬೇಯಿಸಿ ಮಸೆದ ಕಟ್ಟು, ಸಿಪ್ಪೆ ಹೆರೆದು ಬೀಜ ತೆಗೆದ ಹೀರೇಕಾಯಿ, ಕುಂಬಳಕಾಯಿ, ಬೇಯಿಸಿ ಹಿಚುಕಿದ ಗಜ್ಜರಿ, ಬಾಳೆಹಣ್ಣು, ಒಂದು ಚಮಚ ತುಪ್ಪ. ಹಾಲು ಕೆಲವರಿಗೆ ಆಗ ಹಿಡಿಸುವುದಿಲ್ಲ, ಹೊಟ್ಟೆ ಉಬ್ಬುತ್ತದೆ; ಅದೇ ಹಾಲು ಮೊಸರಾದರೆ ಹಿಡಿಸುತ್ತದೆ. ಮೂರು ಹೊತ್ತು ಹೊಟ್ಟೆ ತುಂಬ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣು.

ಸ್ವಲ್ಪ ತಣ್ಣಗಾದ ಮೇಲೆ ನುಚ್ಚು. ಈಗಿನವರು ಗಿರಣಿಯಲ್ಲಿ ಜೋಳ ಒಡೆಸಿ ಹಾಗೇ ಬೇಯಿಸುತ್ತಾರೆ. ನಮ್ಮವ್ವ ಹಾಗೆ ಮಾಡುತ್ತಿರಲಿಲ್ಲ. ಜೋಳಕ್ಕೆ ನೀರು ಚಿಮುಕಿಸಿ, ಒರಳಿಗೆ ಹಾಕಿ ಹಗುರಾಗಿ ಥಳಿಸಿ, ಮೊರದಲ್ಲಿ ತೌಡು ಹಾರಿಸಿ, ಆಮೇಲೆ ಒಡೆಯುತ್ತಿದ್ದಳು. ಅವಳಿಗೆ ನಾರಿನ ಲೆಕ್ಕ ಗೊತ್ತಿರಲಿಲ್ಲ. ಬಾಣಂತಿಗೆ, ಮುದುಕರಿಗೆ, ಜ್ವರ ಬಿಟ್ಟವರಿಗೆ ಯಾವುದು ಇಳಿಯುತ್ತದೆ ಎಂಬುದು ಗೊತ್ತಿತ್ತು. ಆ ನುಚ್ಚನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಿಸಿ, ಆರಿದ ಮೇಲೆ ಕಡೆದ ಮಜ್ಜಿಗೆ ಬೆರೆಸಿ ಕೊಟ್ಟಳು. ಒಂದು ವರ್ಷದ ಮೇಲೆ ಜೋಳದ ರುಚಿ ನಾಲಿಗೆಗೆ ಹತ್ತಿತು. ನಾನು ಗಂಗಾಳ ಹಿಡಿದುಕೊಂಡು ಅತ್ತೆ. ಈ ಮಾತನ್ನು ನಿಮ್ಮವ್ವನಿಗೂ ಹೇಳಿರಲಿಲ್ಲ.

ನುಚ್ಚು ಎರಡು ವಾರ ಹಿಡಿಸಿದರೆ ಬಿಸಿ ರೊಟ್ಟಿಯ ಮುಟಗಿ ಮಾಡಿಕೋ: ದಪ್ಪ ರೊಟ್ಟಿಯನ್ನು ಬಿಸಿಯಿದ್ದಾಗಲೇ ಕುಟ್ಟಿ, ತುಪ್ಪ, ಜೀರಿಗೆ, ಉಪ್ಪು ಹಾಕು, ಹಸಿಮೆಣಸಿನಕಾಯಿ ಬೇಡ. ಆಮೇಲೆ ಸಾರಿನಲ್ಲಿ ನೆನೆಸಿದ ಮೆತ್ತನ್ನ ರೊಟ್ಟಿ. ಕಟಕ ರೊಟ್ಟಿ ಎಲ್ಲಕ್ಕಿಂತ ಕೊನೆಗೆ. ನಮ್ಮೂರ ಮುಸುಕಿನ ಬಾವಿಯಿಂದ ಮೇಲೆ ಬರುವವರು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾರಲ್ಲ, ಹಾಗೆ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಮೂರು ದಿನ ನೋಡು, ಒಂದು ವಹಿಯಲ್ಲಿ ಬರೆದಿಡು. ಏನು ತಿಂದೆ, ಎಷ್ಟು, ಎಷ್ಟು ಸಲ ಹೊರಕಡೆ ಹೋದೆ, ನೋವು ಎಲ್ಲಿ. ನನ್ನ ವಹಿಯಲ್ಲಿ ಬದನೆಕಾಯಿ ಎಣ್ಣೆಗಾಯಿ ನನಗಾಗದು ಎಂದಿದೆ. ನಿನಗೆ ಅದೇ ಹಿಡಿಸಬಹುದು. ನನ್ನ ಪಟ್ಟಿಯನ್ನು ನಿನ್ನದು ಮಾಡಿಕೊಳ್ಳಬೇಡ. ಕರುಳು ತಣ್ಣಗಿದ್ದು ದಾರಿ ಸಣ್ಣದಾಗಿಲ್ಲದಿದ್ದರೆ ನಾರಿನ ಊಟಕ್ಕೆ ಮರಳಲೇಬೇಕು. ಜೀವನವಿಡೀ ಬಿಳಿ ಅನ್ನಕ್ಕೆ ಅಂಟಿಕೊಂಡು ಕೂರುವುದು ತಪ್ಪು.

ದಾರಿ ಸಣ್ಣದಾಗಿದ್ದರೆ ಮಾತು ಬೇರೆ. ಅದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಎಳ್ಳಮಾಸೆಗೆ ಎರೆಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಎಲ್ಲರೂ ಸಾಲಾಗಿ ಕೂತಿದ್ದಾರೆ, ಸಜ್ಜೆ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹೋಳಿಗೆ, ಆಗತಾನೇ ಕಿತ್ತ ಹಕ್ಕರಕಿ, ಮೂಲಂಗಿ, ಹಸಿ ಕಡಲೆ. ಆರೇಳು ತಿಂಗಳು ನೋವಿರಲಿಲ್ಲ. ಇನ್ನೇನು ಆಗುತ್ತದೆ ಎಂದು ಎಲ್ಲವನ್ನೂ ಹಸಿಹಸಿಯಾಗಿ ತಿಂದೆ, ಸರಿಯಾಗಿ ಅಗಿಯಲೂ ಇಲ್ಲ. ರಾತ್ರಿ ಹೊಟ್ಟೆ ತಮಟೆಯಾಯಿತು, ವಾಂತಿ ನಿಲ್ಲಲಿಲ್ಲ, ಗಾಳಿಯೂ ಹೋಗಲಿಲ್ಲ. ಮೂರು ದಿನ ಮೂಗಿಗೆ ನಳಿಗೆ, ಕೈಗೆ ಸಲಾಯಿನು. ದಾರಿ ಸಣ್ಣದಿರುವವರಿಗೆ ಹಸಿ ಸೊಪ್ಪು, ಇಡಿಯ ಶೇಂಗಾ, ಸುಟ್ಟ ಗೋವಿನಜೋಳ, ಒಣಕೊಬ್ಬರಿ, ಸಿಪ್ಪೆ-ಬೀಜದ ಕಾಯಿ ಇವೆಲ್ಲ ಅಲ್ಲಿ ಸಿಕ್ಕಿಬೀಳುವ ವಸ್ತುಗಳು. ಅಂಥ ಲಕ್ಷಣ ಕಂಡರೆ ಮನೆಮದ್ದು ಮಾಡುತ್ತ ಬೆಳಗಾಗುವವರೆಗೆ ಕಾಯಬೇಡ. ಜೋರು ಜ್ವರ, ರಕ್ತ ಕಂಡರೂ ಅಷ್ಟೇ. ಆಗಿಂದಾಗ ಆಸ್ಪತ್ರೆಗೆ ನಡೆ.

ಇನ್ನು ಪ್ರೋಟೀನು. ರೋಗ ಕೆರಳಿದ ಕಾಲಕ್ಕೆ ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು, ತಣ್ಣಗಿದ್ದಾಗ 1 ಗ್ರಾಂ ಸಾಕು. ನೀನು 50 ಕಿಲೋ ಇದ್ದೀ. ಅಂದರೆ 60ರಿಂದ 75 ಗ್ರಾಂ. ನಮ್ಮ ಮನೆಯಲ್ಲಿ ತತ್ತಿಯ ರೂಢಿ ಇಲ್ಲ ಎಂದು ನಿಮ್ಮವ್ವ ಚಿಂತೆ ಮಾಡುತ್ತಾಳೆ. ಲೆಕ್ಕ ಹಾಕು: 75 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 18, 100 ಗ್ರಾಂ ಪನೀರಿನಲ್ಲಿ 18, ದಿನಕ್ಕೆ ಎರಡು ದೊಡ್ಡ ಬಟ್ಟಲು ಮೊಸರಿನಲ್ಲಿ 12, ಉಳಿದದ್ದು ಅಕ್ಕಿ-ಜೋಳದಿಂದ. ಗದಗ ಸೀಮೆಯ ಮುಂಗಾರಿ ಹೆಸರು ಬೆಳೆಯುವ ನೆಲದವರು ನಾವು, ಪ್ರೋಟೀನಿಗೆ ಡಬ್ಬಿಯ ಪುಡಿ ಹುಡುಕಿಕೊಂಡು ಹೋಗುವ ಮೊದಲು ಮನೆಯ ಕಣಜ ನೋಡು. ಡಾಕ್ಟರೇ ಬರೆದುಕೊಟ್ಟರೆ ಆ ಮಾತು ಬೇರೆ. ಮಕ್ಕಳಿಗೆ ಈ ರೋಗ ಬಂದಾಗ ಆರರಿಂದ ಎಂಟು ವಾರ ಬೇರೆ ಯಾವ ಊಟವೂ ಇಲ್ಲದೆ ಬರೀ ಅಂಥ ಪೌಷ್ಟಿಕ ದ್ರವ ಕುಡಿಸಿಯೇ ಹುಣ್ಣು ತಣಿಸುತ್ತಾರೆ. ಅದು ಆಸ್ಪತ್ರೆಯ ಕಣ್ಣಿನ ಕೆಳಗೆ ನಡೆಯುವ ಚಿಕಿತ್ಸೆ, ನಾವಾಗಿ ಮಾಡುವುದಲ್ಲ.

ಭೇದಿ ಹೆಚ್ಚಾದ ದಿನ ಎಳನೀರಷ್ಟೇ ನೆಚ್ಚಬೇಡ, ಅದರಲ್ಲಿ ಸೋಡಿಯಂ ಕಡಿಮೆ. ಔಷಧ ಅಂಗಡಿಯ ಓಆರ್‌ಎಸ್ ಪುಡಿ ತಾ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಹಾಕಿ ಗುಟುಕು ಗುಟುಕಾಗಿ ಕುಡಿ.

ಇಷ್ಟೆಲ್ಲ ಊಟದ ಮಾತು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು: ಊಟದಿಂದ ಈ ರೋಗ ಹೋಗುವುದಿಲ್ಲ. ಊಟ ನಿನ್ನನ್ನು ನಿಲ್ಲಿಸುತ್ತದೆ, ರೋಗವನ್ನು ತಡೆಯುವುದು ಗುಳಿಗೆ. ಆರಾಮಾಯಿತೆಂದು ಗುಳಿಗೆ ಬಿಟ್ಟರೆ ಅದು ಮತ್ತೆ ಬರುತ್ತದೆ. ಸ್ಟೀರಾಯ್ಡನ್ನಂತೂ ಒಮ್ಮೆಲೇ ನಿಲ್ಲಿಸಲೇಬಾರದು, ಡಾಕ್ಟರು ಹೇಳಿದಂತೆ ಇಳಿಸುತ್ತ ಬರಬೇಕು. ಯಾರಾದರೂ ಸೀಸೆಯಲ್ಲಿ ಕಷಾಯ ತಂದು ಎಲ್ಲ ಗುಳಿಗೆ ಬಿಡು ಎಂದರೆ ಕೈಮುಗಿದು ಕಳಿಸು. ಮೈಕೈ ನೋವಿಗೆ ಅಂಗಡಿಯ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡ, ಅವು ಕರುಳನ್ನು ಕೆರಳಿಸಬಹುದು. ಏನು ತಗೋಬೇಕೆಂದು ಡಾಕ್ಟರನ್ನೇ ಕೇಳು. ಸಿಗರೇಟು ಈ ರೋಗಕ್ಕೆ ಎಣ್ಣೆ ಸುರಿದಂತೆ. ನೀನು ಸೇದುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ, ಸೇದುತ್ತಿದ್ದರೆ ಇವತ್ತೇ ಬಿಡು. ಬಿ12 ಎಂಬ ಜೀವಸತ್ವವನ್ನು ಹೀರಿಕೊಳ್ಳುವುದು ಸಣ್ಣ ಕರುಳಿನ ತುದಿಯೇ. ನನಗೆ ಆ ತುದಿ ಇಲ್ಲ, ಎಷ್ಟು ಹಾಲು-ಮೊಸರು ಉಂಡರೂ ಅದು ರಕ್ತಕ್ಕೆ ಸೇರದು. ಅದಕ್ಕೇ ತಿಂಗಳಿಗೊಂದು ಸೂಜಿ. ನಿನ್ನದನ್ನೂ ಕಬ್ಬಿಣದ ಅಂಶ, ಡಿ ಜೀವಸತ್ವದ ಜೊತೆ ಪರೀಕ್ಷೆ ಮಾಡಿಸಿಕೋ.

ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಇದನ್ನೆಲ್ಲ ಯಾರು ಮಾಡಿಕೊಡುತ್ತಾರೆ ಎಂದು ಕೇಳುತ್ತೀಯ. ಮೆಸ್ಸಿನ ಅಡುಗೆಯವರ ಹತ್ತಿರ ಹೋಗಿ ರೋಗದ ಹೆಸರು ಹೇಳದೆ ಇಷ್ಟು ಕೇಳು: ಒಗ್ಗರಣೆ ಹಾಕುವ ಮೊದಲು ಒಂದು ಬಟ್ಟಲು ಬೇಳೆ ತೆಗೆದಿಡಿ, ಅನ್ನ ಸ್ವಲ್ಪ ಮೆತ್ತಗಿರಲಿ. ಮನುಷ್ಯರು ಇಷ್ಟಕ್ಕೆ ಇಲ್ಲ ಎನ್ನುವುದಿಲ್ಲ. ಗೆಳೆಯರು ಗಿರಮಿಟ್ಟು-ಮಿರ್ಚಿಗೆ ಕರೆದರೆ ಹೋಗು, ಕೂತು ಮಾತಾಡು. ಮಿರ್ಚಿ ಮುಟ್ಟಬೇಡ, ಮಜ್ಜಿಗೆ ಕುಡಿ. ಬಸ್ಸಿನಲ್ಲಿ ತೊಂದರೆಯಾದೀತೆಂದು ಹಿಂದಿನ ರಾತ್ರಿಯಿಂದ ಉಪವಾಸ ಬೀಳುವ ಚಟ ನನಗೂ ಇತ್ತು. ಗದಗಕ್ಕೆ ಹನ್ನೊಂದು-ಹನ್ನೆರಡು ಕಿಲೋಮೀಟರ್ ಹೋಗಲು ಇಡೀ ದಿನ ಉಪವಾಸ! ಹೊರಡುವ ಎರಡು ತಾಸು ಮೊದಲು ಒಂದಿಷ್ಟು ಮೊಸರನ್ನ ಉಂಡು, ಶೌಚಾಲಯ ಎಲ್ಲೆಲ್ಲಿದೆ ಎಂದು ತಿಳಿದುಕೊಂಡು ಹೊರಡು. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸವನ್ನು ನಿನ್ನ ಪಾಲಿನದನ್ನು ನಾನು ಮಾಡುತ್ತೇನೆ, ನೀನು ಉಣ್ಣು.

ಡಂಬಳದ ರೊಟ್ಟಿ ಜಾತ್ರೆಗೆ ಪ್ರತಿವರ್ಷ ಹೋಗುತ್ತೇನೆ, ನಿನಗೂ ಗೊತ್ತು. ತೋಂಟದಾರ್ಯ ಮಠದಲ್ಲಿ ಊರೂರಿನ ರೊಟ್ಟಿ ಕೂಡುತ್ತದೆ, ಯಾವ ಮನೆಯದು, ಯಾವ ಜಾತಿಯದು ಎಂದು ಕೇಳುವವರಿಲ್ಲ. ಕರಿಂಡಿ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿಯುತ್ತೇನೆ. ಒಂದು ರೊಟ್ಟಿಯ ನಡುವಿನ ಮೆತ್ತನೆಯ ಭಾಗ ಮುರಿದು, ಮೊಸರಲ್ಲಿ ನೆನೆಸಿ, ಸಾಲಿನ ಎಲ್ಲರೂ ಏಳುವ ತನಕ ನಿಧಾನಕ್ಕೆ ಅಗಿಯುತ್ತ ಕೂರುತ್ತೇನೆ. ಮೂವತ್ತು ವರ್ಷದ ಮೇಲಾಯಿತು, ಆ ಸಾಲಿನಿಂದ ನಾನು ಎದ್ದು ಬಂದಿಲ್ಲ. ಮುಂದಿನ ಜಾತ್ರೆಗೆ ನನ್ನ ಪಕ್ಕದ ಜಾಗ ನಿನ್ನದು.

ಶನಿವಾರ ಬಾ. ಸ್ಕ್ಯಾನಿನ ಕಾಗದ ಮರೆಯದೆ ತಗೊಂಡು ಬಾ, ದಾರಿ ಎಲ್ಲಾದರೂ ಸಣ್ಣದಾಗಿದೆಯೇ ಎಂದು ಡಾಕ್ಟರನ್ನು ಕೇಳಿ ಬರೆಸಿಕೊಂಡು ಬಾ. ಅದನ್ನು ನೋಡಿಯೇ ಪಲ್ಯಕ್ಕೆ ಏನು ಹೆಚ್ಚಬೇಕೆಂದು ತೀರ್ಮಾನ. ಎರಡು ಗೀಟು ಹೊಡೆದ ಹೊಸ ವಹಿ ತಂದಿಟ್ಟಿದ್ದೇನೆ. ಜೋಳಕ್ಕೆ ಶುಕ್ರವಾರ ಸಂಜೆ ನೀರು ಚಿಮುಕಿಸುತ್ತೇನೆ.