ಅಮೆರಿಕದಲ್ಲಿ ವಿಮಾನ ಕಲಿಯುವಿರಾ? ಮೆಡಿಕಲ್ ಅರ್ಜಿಗೆ ಆತುರ ಬೇಡ

ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ, ಪಾಲೊ ಆಲ್ಟೊ, ಸ್ಯಾನ್ ಕಾರ್ಲೋಸ್. ಕ್ಯಾಲಿಫೋರ್ನಿಯಾದ ಈ ಪುಟ್ಟ ವಿಮಾನ ನಿಲ್ದಾಣಗಳು ನಮ್ಮವರು ದುಡಿಯುವ ಐಟಿ ಕಚೇರಿಗಳಿಂದ ಹೆಚ್ಚು ದೂರವೇನಿಲ್ಲ. ಎರಡು ಸೀಟಿನ, ನಾಲ್ಕು ಸೀಟಿನ ವಿಮಾನಗಳು ದಿನವಿಡೀ ಏರಿ ಇಳಿಯುವುದನ್ನು ನೋಡಿದವರಿಗೆ ತಾವೂ ಕಲಿಯಬೇಕು ಅನ್ನಿಸುವುದು ಸಹಜ. ಇದರಲ್ಲಿ ಹೊಟ್ಟೆಪಾಡಿನ ಮಾತಿಲ್ಲ. ಭಾನುವಾರ ಬೆಳಿಗ್ಗೆ ಗೆಳೆಯನನ್ನೋ ಗೆಳತಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕಡಲತೀರದ ಮೇಲೊಂದು ಸುತ್ತು ಹಾಕಿ ಬಂದರೆ ಸಾಕು.

ಫ್ಲೈಯಿಂಗ್ ಸ್ಕೂಲಿನಲ್ಲಿ ವಿಚಾರಿಸಿದರೆ ಮೊದಲು ಸಿಗುವ ಸಲಹೆ, ‘ಮೆಡಿಕಲ್ ಮಾಡಿಸಿಕೊಂಡು ಬನ್ನಿ’. ಯಾವ ಕಾಯಿಲೆಯೂ ಇಲ್ಲದ ಇಪ್ಪತ್ತೈದರ ಹರೆಯದವರಿಗೆ ಇದು ಒಳ್ಳೆಯ ಸಲಹೆಯೇ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ, ಎಂದೋ ಖಿನ್ನತೆಗೆ ಚಿಕಿತ್ಸೆ ಪಡೆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಮಾತ್ರ ಇದೇ ಸಲಹೆ ಮುಳುವಾಗಬಹುದು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಮ್ಮ ಮೆಡಿಕಲ್ ಅರ್ಜಿಯನ್ನು ತಿರಸ್ಕರಿಸಿತೆಂದರೆ, ಮೆಡಿಕಲ್ಲೇ ಬೇಡದ ಸುಲಭದ ದಾರಿಯೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ಅರ್ಜಿಯನ್ನೇ ಹಾಕದವರಿಗೆ ಅದು ತೆರೆದೇ ಇರುತ್ತದೆ! ಕೇಳಲು ವಿಚಿತ್ರ, ಆದರೆ ನಿಯಮ ಇರುವುದೇ ಹೀಗೆ. ಆದ್ದರಿಂದ ಇಲ್ಲಿ ಏನು ಮಾಡಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು ಎಂಬುದೇ ಮುಖ್ಯ.

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತು ಕಲಿಸುವಷ್ಟು ಕಾಲ ವಿದ್ಯಾರ್ಥಿಗೆ ಯಾವ ವೈದ್ಯಕೀಯ ಪತ್ರವೂ ಬೇಕಿಲ್ಲ. ಬೇಕಾಗುವುದು ಮೊದಲ ಸಲ ಒಬ್ಬರೇ ಹಾರುವ ದಿನ, ಅಂದರೆ ಸೋಲೋಗೆ. ಮೊದಲ ಪಾಠದ ದಿನವೇ ಅರ್ಜಿ ಗುಜರಾಯಿಸುವ ದರ್ದು ನಿಮಗಿಲ್ಲ.

ಹೆಜ್ಜೆ 1: ಎಂಥ ಹಾರಾಟ ಬೇಕು?

ಹವ್ಯಾಸಿಗಳ ಮುಂದೆ ಮುಖ್ಯವಾಗಿ ಎರಡು ಲೈಸೆನ್ಸುಗಳಿವೆ: ಸ್ಪೋರ್ಟ್ ಪೈಲಟ್ ಮತ್ತು ಪ್ರೈವೇಟ್ ಪೈಲಟ್. ಇವೆರಡರ ನಡುವೆ ರಿಕ್ರಿಯೇಷನಲ್ ಪೈಲಟ್ ಎಂಬ ಇನ್ನೊಂದಿದೆ. ಹೆಸರು ಕೇಳಿ ಇದೇ ನಮಗೆ ತಕ್ಕದ್ದು ಅಂದುಕೊಳ್ಳಬೇಡಿ. ಅದನ್ನು ತೆಗೆದುಕೊಳ್ಳುವವರು ತೀರಾ ಕಡಿಮೆ, ಅದಕ್ಕೆ ಮೆಡಿಕಲ್ ವಿನಾಯಿತಿಯೂ ಇಲ್ಲ.

ಸ್ಪೋರ್ಟ್ ಪೈಲಟ್ ವ್ಯವಸ್ಥೆ ಬಂದಿದ್ದು 2004ರಲ್ಲಿ. ಕನಿಷ್ಠ 20 ಗಂಟೆಯ ಹಾರಾಟ, ವಯಸ್ಸು 17 ತುಂಬಿರಬೇಕು. ವೈದ್ಯಕೀಯ ಅರ್ಹತೆಗೆ ಅಮೆರಿಕದ ಕಾರು ಲೈಸೆನ್ಸೇ ಸಾಕು. ಮೊದಲೆಲ್ಲ ಸುಮಾರು 600 ಕೆ.ಜಿ. ತೂಕದ, ಎರಡೇ ಸೀಟಿನ ವಿಮಾನಕ್ಕೆ ಸೀಮಿತವಾಗಿದ್ದುದರಿಂದ ಇದನ್ನು ಆಟಿಕೆಯಂತೆ ಕಾಣುವವರೇ ಹೆಚ್ಚಿದ್ದರು. 2025ರ ಅಕ್ಟೋಬರ್ 22ರಿಂದ ಜಾರಿಗೆ ಬಂದ ‘ಮೊಸೈಕ್’ ನಿಯಮಗಳು ಈ ಲೆಕ್ಕಾಚಾರವನ್ನೇ ಬದಲಿಸಿವೆ. ತೂಕದ ಮಿತಿ ಹೋಗಿ, ವಿಮಾನ ತೇಲಲಾರದೆ ಕುಸಿಯತೊಡಗುವ ಸ್ಟಾಲ್ ವೇಗ 59 ನಾಟ್ ದಾಟಬಾರದು ಎಂಬ ಮಿತಿ ಬಂದಿದೆ. ಹೀಗಾಗಿ ಫ್ಲೈಯಿಂಗ್ ಸ್ಕೂಲುಗಳಲ್ಲಿ ಎಲ್ಲೆಲ್ಲೂ ಕಾಣುವ ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನವನ್ನೂ ಸ್ಪೋರ್ಟ್ ಪೈಲಟ್ ಹಾರಿಸಬಹುದು. ಸೀಟು ನಾಲ್ಕಿದ್ದರೂ ಪ್ರಯಾಣಿಕ ಒಬ್ಬರೇ. ತರಬೇತಿ ಪಡೆದು ರಾತ್ರಿಯೂ ಹಾರಬಹುದು, ಆದರೆ ಆಗ ಕಾರು ಲೈಸೆನ್ಸ್ ಸಾಲದು. ಮುಂದೆ ಹೇಳುವ ಬೇಸಿಕ್‌ಮೆಡ್ ಅಥವಾ ಮೆಡಿಕಲ್ ಸರ್ಟಿಫಿಕೇಟ್ ಬೇಕು.

ಪ್ರೈವೇಟ್ ಪೈಲಟ್‌ಗೆ ಕನಿಷ್ಠ 40 ಗಂಟೆ, ಜೊತೆಗೆ ಥರ್ಡ್ ಕ್ಲಾಸ್ ಮೆಡಿಕಲ್. ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಬೇಕು, ಮೋಡದೊಳಗೆ ಹಾರುವುದನ್ನೂ ಕಲಿಯಬೇಕು ಅನ್ನುವವರಿಗೆ ಇದೇ ದಾರಿ. ಇಬ್ಬರೇ ಹೋಗಿ ಬರುವ ಭಾನುವಾರದ ಹಾರಾಟಕ್ಕೆ ಈಗ ಸ್ಪೋರ್ಟ್ ಧಾರಾಳವಾಗಿ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 2: ಕಾರು ಲೈಸೆನ್ಸಿನ ಷರತ್ತುಗಳನ್ನು ಓದಿ

ಅದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಲೈಸೆನ್ಸ್ ಆಗಿರಬೇಕು. ಊರಿನ ಆರ್‌ಟಿಒ ಕೊಟ್ಟಿದ್ದು, ಇಂಟರ್‌ನ್ಯಾಷನಲ್ ಪರ್ಮಿಟ್ ಯಾವುದೂ ನಡೆಯುವುದಿಲ್ಲ. ಕನ್ನಡಕ ಹಾಕಿಯೇ ಓಡಿಸಬೇಕು ಎಂದು ಅದರಲ್ಲಿದ್ದರೆ ವಿಮಾನದಲ್ಲೂ ಕನ್ನಡಕ ಕಡ್ಡಾಯ. ಕುಡಿದು ಓಡಿಸಿ ಲೈಸೆನ್ಸ್ ಅಮಾನತಾದರೆ ಹಾರಾಟವೂ ಅಲ್ಲಿಗೇ ನಿಂತಿತು.

ಮುಂದಿನ ಷರತ್ತೇ ಮೇಲೆ ಹೇಳಿದ ಗುಂಡಿ. ನೀವು ಹಿಂದೆಂದಾದರೂ ಎಫ್‌ಎಎ ಮೆಡಿಕಲ್‌ಗೆ ಅರ್ಜಿ ಹಾಕಿದ್ದರೆ, ಕೊನೆಯ ಅರ್ಜಿಯಲ್ಲಿ ಅರ್ಹರೆಂದು ತೀರ್ಮಾನವಾಗಿರಬೇಕು. ಕೈಯಲ್ಲಿದ್ದ ಸರ್ಟಿಫಿಕೇಟ್ ರದ್ದಾಗಿರಬಾರದು, ಅಮಾನತಾಗಿರಬಾರದು, ಕೊಟ್ಟಿದ್ದ ವಿಶೇಷ ಅನುಮತಿಯನ್ನು ಇಲಾಖೆ ವಾಪಸು ಪಡೆದಿರಬಾರದು. ಅವಧಿ ಮುಗಿದು ತಾನಾಗಿಯೇ ಸತ್ತಿದ್ದರೆ ತೊಂದರೆಯಿಲ್ಲ.

ಕೊನೆಯ ಷರತ್ತು ನಿಮ್ಮ ಆತ್ಮಸಾಕ್ಷಿಗೆ ಬಿಟ್ಟಿದ್ದು. ಸುರಕ್ಷಿತವಾಗಿ ವಿಮಾನ ಹಾರಿಸಲು ಅಡ್ಡಿಯಾಗುವ ಕಾಯಿಲೆ ತನಗಿದೆ ಎಂದು ಗೊತ್ತಿದ್ದವನು, ಗೊತ್ತಾಗಲು ಸಾಕಷ್ಟು ಕಾರಣವಿದ್ದವನು ಹಾರುವಂತಿಲ್ಲ. ಜೇಬಿನಲ್ಲಿ ಲೈಸೆನ್ಸ್ ಇದೆ, ಆದರೆ ಹೋದ ತಿಂಗಳು ಮೀಟಿಂಗಿನ ನಡುವೆ ಕಾರಣವಿಲ್ಲದೆ ಪ್ರಜ್ಞೆ ತಪ್ಪಿ ಬಿದ್ದಿದ್ದಿರಿ ಅಂದರೆ, ಕಾನೂನಿನ ಪ್ರಕಾರವೇ ನೀವು ಅನರ್ಹರು. ತೀರ್ಮಾನಿಸುವವರು ನೀವೇ ಆದ್ದರಿಂದ ನಿಮ್ಮ ಮನೆ ಡಾಕ್ಟರ ಜೊತೆ ಒಮ್ಮೆ ಕೂತು ಮಾತನಾಡುವುದು ಕ್ಷೇಮ.

ಹೆಜ್ಜೆ 3: ಪ್ರೈವೇಟ್ ಬೇಕೆಂದಾದರೆ, ಮೊದಲು ಹಳೆಯ ಕಡತ ತೆರೆಯಿರಿ

ಎಫ್‌ಎಎ ಹದಿನೈದು ಕಾಯಿಲೆಗಳನ್ನು ಹೆಸರಿಟ್ಟು ಅನರ್ಹತೆಯ ಪಟ್ಟಿಯಲ್ಲಿ ಇಟ್ಟಿದೆ. ಹೃದಯಾಘಾತ, ಆಂಜೈನಾ, ಚಿಕಿತ್ಸೆ ಬೇಕಾದ ಹೃದಯ ರಕ್ತನಾಳದ ಕಾಯಿಲೆ, ಕವಾಟ ಬದಲಾವಣೆ, ಪೇಸ್‌ಮೇಕರ್, ಮೂರ್ಛೆ ರೋಗ, ಕಾರಣ ತಿಳಿಯದ ಪ್ರಜ್ಞಾಹೀನತೆ, ಬೈಪೋಲಾರ್, ಸೈಕೋಸಿಸ್, ಮದ್ಯ ಅಥವಾ ಮಾದಕ ವ್ಯಸನ, ಔಷಧಿ ಬೇಕಾದ ಸಕ್ಕರೆ ಕಾಯಿಲೆ ಮುಂತಾದವು ಅದರಲ್ಲಿವೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಬಾಗಿಲು ಹಾಕಿತು ಎಂದಲ್ಲ. ‘ಸ್ಪೆಷಲ್ ಇಶ್ಯುಯೆನ್ಸ್’ ಎಂಬ ವಿಶೇಷ ಅನುಮತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಬೈಪಾಸ್ ಆದವರು ಕೂಡ ಅದರ ಮೂಲಕ ಹಾರುತ್ತಿದ್ದಾರೆ. ಆದರೆ ದಾಖಲೆಗಳನ್ನು ಒದಗಿಸುತ್ತಾ, ಕಾಯುತ್ತಾ ತಿಂಗಳುಗಳೇ ಉರುಳುತ್ತವೆ.

ನಮ್ಮವರಲ್ಲಿ ಸಾಮಾನ್ಯವಾದ ಕೆಲವನ್ನು ಬಿಡಿಸಿ ನೋಡೋಣ. ಬಿ.ಪಿ. ಇದ್ದು ಮಾತ್ರೆಯಲ್ಲಿ ಹತೋಟಿಯಲ್ಲಿದ್ದರೆ, ಥೈರಾಯ್ಡ್ ಕಡಿಮೆಯಿದ್ದು ಸರಿದೂಗಿದ್ದರೆ, ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿ ಈಗ ಇಲ್ಲದಿದ್ದರೆ, ನಿಮ್ಮ ವೈದ್ಯರ ಪತ್ರ ನೋಡಿ ಪರೀಕ್ಷಕರೇ ಅಲ್ಲಿಯೇ ಸರ್ಟಿಫಿಕೇಟ್ ಕೊಡುವ ಅವಕಾಶವಿದೆ. ಸಕ್ಕರೆ ಕಾಯಿಲೆಯನ್ನು ಪಥ್ಯ, ವ್ಯಾಯಾಮದಲ್ಲೇ ಇಟ್ಟುಕೊಂಡಿದ್ದರೆ ಕಷ್ಟ ಕಡಿಮೆ; ಮೆಟ್‌ಫಾರ್ಮಿನ್ ಶುರುವಾಗಿದ್ದರೆ ವಿಶೇಷ ಅನುಮತಿಯ ಹಾದಿ. ಖಿನ್ನತೆಯ ಕೆಲವು ಔಷಧಿಗಳಿಗೆ 2010ರಿಂದ ವಿಶೇಷ ಅನುಮತಿ ಸಿಗುತ್ತಿದೆಯಾದರೂ ಆ ಪ್ರಕ್ರಿಯೆ ದೀರ್ಘ, ಖರ್ಚಿನದು. ಅಮೆರಿಕದಲ್ಲೇ ಓದುತ್ತಿರುವ ಮಕ್ಕಳ ತಂದೆತಾಯಿ ಗಮನಿಸಬೇಕಾದದ್ದು ಎಡಿಎಚ್‌ಡಿ. ಚಿಕ್ಕಂದಿನಲ್ಲಿ ಯಾರೋ ಬರೆದುಕೊಟ್ಟ ಆ ಮಾತ್ರೆ ಹದಿನಾರರಲ್ಲಿ ಸೋಲೋ ಹಾರಲು ಹೊರಟಾಗ ಎದುರಾಗುತ್ತದೆ. ನಾಲ್ಕು ವರ್ಷದಿಂದ ಔಷಧಿಯಿಲ್ಲದೆ ಚೆನ್ನಾಗಿರುವವರಿಗೆ ಈಗ ಒಂದು ಹತ್ತಿರದ ದಾರಿ ಮಾಡಿದ್ದಾರೆ.

ಇವುಗಳಲ್ಲಿ ಯಾವುದಾದರೂ ನಿಮಗಿದ್ದರೆ ಮಾಡಬೇಕಾದ ಕೆಲಸ ಇದು. ಎಎಂಇ, ಅಂದರೆ ಎಫ್‌ಎಎ ನೇಮಿಸಿದ ವೈದ್ಯ ಪರೀಕ್ಷಕರಲ್ಲಿ ಒಬ್ಬರಿಗೆ ಫೋನ್ ಮಾಡಿ, ‘ಪರೀಕ್ಷೆ ಬೇಡ, ಸಲಹೆ ಮಾತ್ರ ಬೇಕು’ ಎಂದು ಸ್ಪಷ್ಟವಾಗಿ ಹೇಳಿ ಸಮಯ ತೆಗೆದುಕೊಳ್ಳಿ. ಅರ್ಜಿಯ ಕನ್ಫರ್ಮೇಷನ್ ನಂಬರನ್ನು ಅವರಿಗೆ ಕೊಡಬೇಡಿ. ಆ ನಂಬರು ಹಾಕಿ ಅವರು ಕಂಪ್ಯೂಟರಿನಲ್ಲಿ ಅರ್ಜಿ ತೆರೆದ ಕ್ಷಣದಿಂದ ಅದು ಅಧಿಕೃತ. ಆಮೇಲೆ ‘ಬೇಡ ಬಿಡಿ ಡಾಕ್ಟ್ರೇ’ ಎಂದು ಎದ್ದು ಬರಲಾಗದು.

ಊರಿನಲ್ಲಿ ಆದ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಆ್ಯಂಜಿಯೋಗ್ರಾಂ ವರದಿ, ಚೀಟಿಗಳನ್ನು ಅಪ್ಪ ಅಮ್ಮನಿಂದ ತರಿಸಿಟ್ಟುಕೊಳ್ಳಿ. ಅರ್ಜಿ ಹೋದ ಮೇಲೆ ಇಲಾಖೆ ದಾಖಲೆ ಕೇಳಿ, ಗಡುವಿನೊಳಗೆ ನೀವು ಕಳಿಸದಿದ್ದರೆ ಅದೂ ತಿರಸ್ಕಾರದಲ್ಲೇ ಮುಗಿಯುತ್ತದೆ. ಹದಿನೈದು ವರ್ಷದ ಹಿಂದಿನ ಫೈಲನ್ನು ನಮ್ಮ ನರ್ಸಿಂಗ್ ಹೋಮುಗಳಲ್ಲಿ ಹುಡುಕಿಸುವುದು ಎಷ್ಟು ಸುಲಭ ಎಂದು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 4: ಅರ್ಜಿ ಮತ್ತು ಪರೀಕ್ಷೆ

ಅರ್ಜಿ ತುಂಬುವುದು ಮೆಡ್‌ಎಕ್ಸ್‌ಪ್ರೆಸ್ ಎಂಬ ಜಾಲತಾಣದಲ್ಲಿ. ತುಂಬಿದ ಮೇಲೆ 60 ದಿನದೊಳಗೆ ಪರೀಕ್ಷಕರ ಬಳಿ ಹೋಗಬೇಕು, ಇಲ್ಲದಿದ್ದರೆ ಅದು ಅಳಿಸಿಹೋಗುತ್ತದೆ. 17ನೇ ಪ್ರಶ್ನೆ ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳದ್ದು. ಚೀಟಿಯಿಲ್ಲದೆ ಕೊಂಡವನ್ನೂ ಬರೆಯಬೇಕು. 18ನೆಯದು ‘ಜೀವಮಾನದಲ್ಲಿ ಎಂದಾದರೂ’ ಎಂದು ಶುರುವಾಗುವ ಉದ್ದನೆಯ ಪಟ್ಟಿ: ತಲೆಸುತ್ತು, ಕಣ್ಣಿನ ತೊಂದರೆ, ಆಸ್ತಮಾ, ಖಿನ್ನತೆ, ಆತಂಕ, ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದದ್ದು, ಎಲ್ಲ. 19ನೆಯದು ಕಳೆದ ಮೂರು ವರ್ಷಗಳಲ್ಲಿ ಕಂಡ ವೈದ್ಯರ ವಿವರ. ಮಾಮೂಲಿ ಹಲ್ಲು, ಕಣ್ಣಿನ ತಪಾಸಣೆ ಬರೆಯಬೇಕಿಲ್ಲ.

ಮುಚ್ಚಿಡುವ ಆಸೆ ಬೇಡ. ಸುಳ್ಳು ಬರೆದರೆ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು ಎಂದು ಅರ್ಜಿಯಲ್ಲೇ ಅಚ್ಚಾಗಿದೆ. ವೀಸಾ ಮೇಲೆ ಇರುವವರಿಗಂತೂ ಅದರ ಪರಿಣಾಮ ವಿಮಾನಕ್ಕಷ್ಟೇ ನಿಲ್ಲುವುದಿಲ್ಲ. ಇಂಥ ಪ್ರಶ್ನೆಗಳಿಗೆ ಹೆದರಿಯೇ ಎಷ್ಟೋ ಪೈಲಟ್‌ಗಳು ಮನೋವೈದ್ಯರ ಬಳಿ ಹೋಗದೆ ಒಳಗೇ ನವೆಯುತ್ತಾರೆ ಎಂಬ ದೂರು ಅಮೆರಿಕದಲ್ಲಿ ಹಳೆಯದು. ದೂರಿನಲ್ಲಿ ಹುರುಳಿದೆ. ಇಲಾಖೆಯೂ ಈಚೆಗೆ ಸ್ವಲ್ಪ ಸಡಿಲಿಸಿದೆ, ಆದರೆ ಸಾಲದು.

ಪರೀಕ್ಷೆ ಮಾತ್ರ ನೀವು ಅಂದುಕೊಂಡಷ್ಟು ಕಠಿಣವಲ್ಲ. ದೂರದೃಷ್ಟಿ ಪ್ರತಿ ಕಣ್ಣಿಗೂ 20/40 ಇರಬೇಕು, ಕನ್ನಡಕ ಹಾಕಿ ಅಷ್ಟು ಬಂದರೂ ಸರಿಯೆ. ಹತ್ತಿರದ ದೃಷ್ಟಿ 16 ಇಂಚಿನಲ್ಲಿ 20/40. ಆರು ಅಡಿ ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ಮಾಮೂಲಿ ದನಿಯ ಮಾತು ಕೇಳಿಸಿಕೊಳ್ಳಬೇಕು. ಬಿ.ಪಿ. 155/95 ಮೀರಬಾರದು. ಮೂತ್ರ ಪರೀಕ್ಷೆ ಸಕ್ಕರೆ, ಪ್ರೋಟೀನ್ ನೋಡಲು. ಥರ್ಡ್ ಕ್ಲಾಸ್‌ಗೆ ಇಸಿಜಿ ಕಡ್ಡಾಯವಿಲ್ಲ. ಬಣ್ಣ ಗುರುತಿಸುವ ಪರೀಕ್ಷೆ 2025ರ ಜನವರಿಯಿಂದ ಹೊಸ ಅರ್ಜಿದಾರರಿಗೆ ಕಂಪ್ಯೂಟರಿನಲ್ಲಿ ನಡೆಯುತ್ತದೆ.

ಪರೀಕ್ಷಕರು ಸರ್ಟಿಫಿಕೇಟ್ ಕೊಡಬಹುದು, ತಿರಸ್ಕರಿಸಬಹುದು, ಅಥವಾ ತೀರ್ಮಾನವನ್ನು ಎಫ್‌ಎಎಗೆ ಬಿಟ್ಟು ಕಡತವನ್ನು ಒಕ್ಲಹೋಮ ಸಿಟಿಗೆ ಕಳಿಸಬಹುದು. ಸಿಕ್ಕರೆ, ಪರೀಕ್ಷೆಯ ದಿನ ನಲವತ್ತು ತುಂಬಿರದವರಿಗೆ 60 ತಿಂಗಳು, ತುಂಬಿದವರಿಗೆ 24 ತಿಂಗಳು ಬಾಳುತ್ತದೆ. ಶುಲ್ಕವನ್ನು ನಿಗದಿ ಮಾಡುವವರು ಪರೀಕ್ಷಕರೇ, ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 5: ಒಮ್ಮೆ ಸಿಕ್ಕಮೇಲೆ ಬೇಸಿಕ್‌ಮೆಡ್

2017ರ ಮೇ 1ರಿಂದ ಇರುವ ಈ ಸೌಲಭ್ಯ ಹವ್ಯಾಸಿಗಳ ಪಾಲಿಗೆ ದೊಡ್ಡ ಅನುಕೂಲ. 2006ರ ಜುಲೈ 14ರ ನಂತರ ಯಾವಾಗಲಾದರೂ ಎಫ್‌ಎಎ ಮೆಡಿಕಲ್ ಹೊಂದಿದ್ದವರು ಮತ್ತೆ ಪರೀಕ್ಷಕರ ಹತ್ತಿರ ಹೋಗಬೇಕಿಲ್ಲ. ಎಫ್‌ಎಎಯ ಚೆಕ್‌ಲಿಸ್ಟ್ ಪ್ರಿಂಟ್ ತೆಗೆದು ನಾಲ್ಕು ವರ್ಷಕ್ಕೊಮ್ಮೆ ಅಲ್ಲಿನ ಲೈಸೆನ್ಸ್ ಇರುವ ಯಾವ ವೈದ್ಯರಿಂದಲಾದರೂ ತಪಾಸಣೆ ಮಾಡಿಸಿ ಸಹಿ ಹಾಕಿಸಿ, ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ ಮುಗಿಸಿ, ಎರಡನ್ನೂ ಲಾಗ್‌ಬುಕ್ಕಿನ ಜೊತೆ ಇಟ್ಟುಕೊಂಡರಾಯಿತು. ಕಾರು ಲೈಸೆನ್ಸ್ ಇಲ್ಲೂ ಬೇಕು. ಆರು ಪ್ರಯಾಣಿಕರವರೆಗೆ, 12,500 ಪೌಂಡ್ ತೂಕದ ವಿಮಾನದವರೆಗೆ, 18,000 ಅಡಿಯವರೆಗೆ ಅವಕಾಶವಿದೆ.

ಇಲ್ಲಿಯೂ ಕೊನೆಯ ಅರ್ಜಿ ತಿರಸ್ಕೃತವಾಗಿರಬಾರದು ಎಂಬ ಷರತ್ತು ತಪ್ಪಿದ್ದಲ್ಲ. ಹೃದಯ, ನರ, ಮಾನಸಿಕ ಆರೋಗ್ಯದ ಕೆಲವು ಗಂಭೀರ ಕಾಯಿಲೆಗಳಿದ್ದರೆ ಪ್ರತಿಯೊಂದಕ್ಕೂ ಒಂದು ಸಲ ವಿಶೇಷ ಅನುಮತಿ ಪಡೆದಿರಬೇಕು. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಆರೋಗ್ಯ ಗಟ್ಟಿಯಿರುವ ಮೂವತ್ತರ ಆಸುಪಾಸಿನಲ್ಲೇ ಒಮ್ಮೆ ಥರ್ಡ್ ಕ್ಲಾಸ್ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಹೆಜ್ಜೆ 6: ಹಾರುವ ದಿನದ ಮಾತ್ರೆ

ಊರಿಂದ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ಒಂದು ಮಾತ್ರೆ ಡಬ್ಬಿ ಇಲ್ಲದ ಕನ್ನಡಿಗ ಸಿಕ್ಕಿಯಾನೇ? ಅದರಲ್ಲಿರುವ ಸಿಟ್ರಿಜಿನ್ ಬಗ್ಗೆ ಎಚ್ಚರ. ಮೂಗು ಸೋರಿದರೆ, ಮೈ ತುರಿಸಿದರೆ ನಾವು ಕಡಲೆಬೀಜದಂತೆ ನುಂಗುವ ಈ ಮಾತ್ರೆ ತೂಕಡಿಕೆ ತರುತ್ತದೆಂದು ಎಫ್‌ಎಎ ಅದನ್ನು ನಿಷೇಧದ ಪಟ್ಟಿಯಲ್ಲಿಟ್ಟಿದೆ. ಕೊನೆಯ ಮಾತ್ರೆಯಾಗಿ 48 ಗಂಟೆ ಕಳೆಯದೆ ಹಾರುವಂತಿಲ್ಲ. ಬೆನಡ್ರಿಲ್ ಹೆಸರಿನಲ್ಲಿ ಅಮೆರಿಕದಲ್ಲಿ ಸಿಗುವ ಡೈಫೆನ್‌ಹೈಡ್ರಮಿನ್‌ಗೆ 60 ಗಂಟೆ. ನಮ್ಮ ನೆಗಡಿ ಮಾತ್ರೆಗಳಲ್ಲಿ ಸೇರಿರುವ ಕ್ಲೋರ್‌ಫೆನಿರಮೈನ್ ಕೂಡ ಇದೇ ಜಾತಿಯದು. ಅಲರ್ಜಿಗೆ ಲೊರಾಟಡಿನ್ ಅಥವಾ ಫೆಕ್ಸೊಫೆನಡಿನ್ ಆದೀತು, ನೆಲದ ಮೇಲಿದ್ದಾಗ ಒಮ್ಮೆ ನುಂಗಿ ತೂಕಡಿಕೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಮದ್ಯ ಮುಟ್ಟಿ ಎಂಟು ಗಂಟೆ ಆಗಿರಲೇಬೇಕು, ಅಷ್ಟಾದರೂ ಅಮಲು ಉಳಿದಿದ್ದರೆ ಹಾರುವಂತಿಲ್ಲ.

ನಾಗರಿಕರಲ್ಲದವರಿಗೆ, ಊರಿಗೆ ಮರಳುವವರಿಗೆ

ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಅಮೆರಿಕದ ಪೌರತ್ವ ಇಲ್ಲದವರು ತರಬೇತಿಗೆ ಮೊದಲೇ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯ ಅನುಮತಿ ಪಡೆಯಬೇಕು. ಬೆರಳಚ್ಚು, ಶುಲ್ಕ ಎಲ್ಲ ಉಂಟು. ಇದಕ್ಕೂ ಮೆಡಿಕಲ್‌ಗೂ ಸಂಬಂಧವಿಲ್ಲ, ಆದರೆ ಈ ಅನುಮತಿಗೆ ಕಾಯುವ ದಿನಗಳಲ್ಲೇ ಮೂರನೇ ಹೆಜ್ಜೆಯ ಕಡತದ ಕೆಲಸ ಮುಗಿಸಿಕೊಳ್ಳಬಹುದು.

ಸ್ಪೋರ್ಟ್ ಲೈಸೆನ್ಸ್, ಬೇಸಿಕ್‌ಮೆಡ್ ಎರಡೂ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುವಂಥವಲ್ಲ. ಮುಂದೊಂದು ದಿನ ಬೆಂಗಳೂರಿಗೆ ಮರಳಿ ಜಕ್ಕೂರಿನಿಂದ ಹಾರುವ ಆಸೆಯಿದ್ದರೆ ಇವು ಅಲ್ಲಿ ನಡೆಯುವುದಿಲ್ಲ. ಭಾರತದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಡಿಜಿಸಿಎಯ ಕ್ಲಾಸ್ 2 ವೈದ್ಯಕೀಯ ಪರೀಕ್ಷೆ ಕಡ್ಡಾಯ, ಅದನ್ನು ಡಿಜಿಸಿಎ ಮಾನ್ಯ ಮಾಡಿದ ಪರೀಕ್ಷಕರಲ್ಲೇ ಮಾಡಿಸಬೇಕು. ಅಂಥವರು ಅಮೆರಿಕದಲ್ಲೇ ಥರ್ಡ್ ಕ್ಲಾಸ್ ಜೊತೆ ಪ್ರೈವೇಟ್ ಲೈಸೆನ್ಸ್ ಪಡೆದು, ರಜೆಗೆ ಊರಿಗೆ ಬಂದಾಗ ಕ್ಲಾಸ್ 2 ಪರೀಕ್ಷಕರೊಬ್ಬರನ್ನು ಕಂಡು ಮಾತನಾಡಿಕೊಂಡು ಹೋಗಲಿ.